ತಲೆಗೆ 15 ಕಿಲೋ

ನಾವು ಐದು ಜನ ನೇಪಾಳದ ಐಲ್ಯಾಂಡ್ ಪೀಕ್ ಹತ್ತಲು ಹೊರಟಿದ್ದೇವೆಂಬ ಸುದ್ದಿಯನ್ನು ಮಲ್ಪೆಯಲ್ಲಿರುವ ದೊಡ್ಡಮ್ಮನಿಗೆ ನಾನೇ ಖುದ್ದಾಗಿ ಹೋಗಿ ತಿಳಿಸಿದೆ. ಅವರ ಕಿವಿಗೆ ಬಿದ್ದದ್ದು ಹೆಸರಿನ ಮೊದಲರ್ಧ ಮಾತ್ರ. "ಐಲ್ಯಾಂಡಿಗೆ ಹೋಗ್ಲಿಕ್ಕೆ ನೇಪಾಳಕ್ಕೆ ಯಾಕೆ ಹೋಗ್ಬೇಕು ಮಾರಾಯ? ಇಲ್ಲಿಂದಲೇ ಬೋಟ್ ಉಂಟಲ್ಲ" ಎಂದು ಅವರು ಸೈಂಟ್ ಮೇರೀಸ್ ದ್ವೀಪದ ದಿಕ್ಕಿಗೆ ಕೈ ತೋರಿಸಿದರು. ಅದು ದ್ವೀಪವಲ್ಲ, 6,189 ಮೀಟರ್ ಎತ್ತರದ ಹಿಮಪರ್ವತ, ನಿಜವಾದ ಹೆಸರು ಇಮ್ಜಾ ತ್ಸೆ, ದಿಂಗ್ಬೋಚೆ ಎಂಬ ಊರಿನಿಂದ ನೋಡಿದರೆ ಮಂಜಿನ ಸಮುದ್ರದ ನಡುವೆ ದ್ವೀಪದಂತೆ ಕಾಣುವುದರಿಂದ ಬ್ರಿಟಿಷ್ ಆರೋಹಿಗಳು ಹಾಗೆ ಕರೆದರು, 1953ರಲ್ಲಿ ಎವರೆಸ್ಟಿಗೆ ಹೊರಟ ತಂಡದ ಕೆಲವರು ತೇನ್ಸಿಂಗ್ ನೋರ್ಗೆಯವರೊಂದಿಗೆ ತಾಲೀಮಿಗೆಂದು ಏರಿದ್ದು ಇದನ್ನೇ ಎಂದು ನಾನು ವಿವರವಾಗಿ ಹೇಳಿದೆ. ಎಲ್ಲವನ್ನೂ ಸಾವಧಾನವಾಗಿ ಕೇಳಿದ ದೊಡ್ಡಮ್ಮ, "ಹಾಗಾದ್ರೆ ಸಮುದ್ರ ಉಂಟು ಅಂತಾಯ್ತು" ಎಂದು ಒಳಗೆ ಹೋಗಿ, ದಾರಿಯಲ್ಲಿ ಹಸಿವಾದರೆ ಬೆಲ್ಲದ ಜೊತೆ ತಿನ್ನಲಿಕ್ಕೆಂದು ಎಂಟು ಒಣಕೊಬ್ಬರಿ ಗಿಟುಕುಗಳನ್ನು ಕಾಗದದಲ್ಲಿ ಸುತ್ತಿ ತಂದು ಕೈಗಿಟ್ಟರು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನಬಾರದು ಎಂಬ ಸಂಸ್ಕಾರ ನನ್ನನ್ನು ಮುಂದೆ ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಹೇಳುತ್ತೇನೆ.

ತಂಡದ ನಾಯಕರು ನಿವೃತ್ತ ವ್ಯಾಯಾಮ ಶಿಕ್ಷಕರು. ಊರಿಗೆಲ್ಲ ಅವರು ಮಾಸ್ಟ್ರು. ವೈದ್ಯಕೀಯ ವಿಭಾಗವನ್ನು ನೋಡಿಕೊಳ್ಳುವವರು ಡಾಕ್ಟ್ರು. ಅವರು ಪಶುವೈದ್ಯರೆಂಬುದನ್ನು ನಾವು ಮನೆಯವರಿಂದ ಮುಚ್ಚಿಟ್ಟಿದ್ದೆವು. ಉಳಿದವರು ಕಟಪಾಡಿಯ ಸ್ಟುಡಿಯೋದವರು, ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ, ಮತ್ತು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ನಾನು. ಕಾಠ್ಮಂಡುವಿನ ಏಜೆನ್ಸಿಯಿಂದ ಬಂದ ಪತ್ರದಲ್ಲಿ ಹತ್ತಾರು ಸೂಚನೆಗಳಿದ್ದರೂ ಮಾಸ್ಟ್ರ ಕಣ್ಣು ಒಂದೇ ಸಾಲಿನ ಮೇಲೆ ನಿಂತಿತು: ಬೆಟ್ಟದ ನಡಿಗೆ ಶುರುವಾಗುವ ಲುಕ್ಲಾಕ್ಕೆ ಹೋಗುವ ಸಣ್ಣ ವಿಮಾನದಲ್ಲಿ ತಲೆಗೆ 15 ಕಿಲೋ ಮಾತ್ರ, ಅದರಲ್ಲಿ 10 ಚೀಲದ್ದು, 5 ಕೈಚೀಲದ್ದು. ಅಂದಿನಿಂದ ನಮ್ಮ ಬದುಕು ಆ ಸಂಖ್ಯೆಯ ಸುತ್ತ ತಿರುಗತೊಡಗಿತು. ಬೆನ್ನಿಗೆ 15 ಕಿಲೋ ಕುಚ್ಚಲಕ್ಕಿ ಕಟ್ಟಿಕೊಂಡು ದಿನಾ ಬೆಳಗ್ಗೆ ಮಣಿಪಾಲದ ಗುಡ್ಡ ಹತ್ತಿಸಿದರು. ದಾರಿಯಲ್ಲಿ ಸಿಕ್ಕವರೆಲ್ಲ "ರೇಷನ್ ಎಲ್ಲಿ ಕೊಡ್ತಿದ್ದಾರೆ?" ಎಂದು ಕೇಳುತ್ತಿದ್ದರು. ಮೂರನೆಯ ವಾರದಲ್ಲಿ ನನ್ನ ಚೀಲದ ಹೊಲಿಗೆ ಬಿಟ್ಟು ಗುಡ್ಡದ ಬುಡದಿಂದ ತುದಿಯವರೆಗೆ ಅಕ್ಕಿಯ ಗೆರೆ ಬಿದ್ದಾಗ, ತುದಿ ತಲುಪಿದ ನನ್ನ ಉಸಿರಾಟ ಎಂದಿಗಿಂತ ಸಲೀಸಾಗಿದೆಯೆಂದು ಮಾಸ್ಟ್ರು ಎಲ್ಲರೆದುರು ಹೊಗಳಿದರು. ನಾನು ತಿದ್ದಲಿಲ್ಲ.

ಹೊರಡುವ ದಿನ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ತಲುಪಿದ್ದೆವು. ಮಂಗಳೂರಿನಿಂದ ಕಾಠ್ಮಂಡುವಿನವರೆಗೂ ಒಂದೇ ಟಿಕೆಟ್ಟು. ಚೀಲಗಳು ಎಕ್ಸ್-ರೇ ಯಂತ್ರದೊಳಗೆ ಹೋದವು, ನನ್ನದನ್ನು ಮಾತ್ರ ಪಕ್ಕಕ್ಕೆ ಎಳೆದಿಟ್ಟರು. ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು: ಮೊಳದುದ್ದದ ಹಿಮಗೊಡಲಿ, ಬೂಟಿನ ತಳಕ್ಕೆ ಕಟ್ಟುವ ಹನ್ನೆರಡು ಹಲ್ಲಿನ ಉಕ್ಕಿನ ಕ್ರ್ಯಾಂಪಾನ್‌ಗಳು. ಪರ್ವತಾರೋಹಣಕ್ಕೆ ಸಂಬಂಧಿಸಿದ ಕಾಗದಗಳ ಕಡತವನ್ನೇ ತೆರೆದು ನಾನು ಭಾಷಣಕ್ಕೆ ಸಿದ್ಧನಾದೆ. ಅಧಿಕಾರಿ ಕೊಡಲಿಯನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟರು, ಕ್ರ್ಯಾಂಪಾನ್‌ಗಳನ್ನೂ ಪಕ್ಕಕ್ಕಿಟ್ಟರು, ಕೊನೆಗೆ ಕಾಗದದ ಪೊಟ್ಟಣವನ್ನು ಬಿಡಿಸಿ, ಕೊಲೆಯ ಸಾಕ್ಷ್ಯ ಸಿಕ್ಕವರಂತೆ ಒಂದು ಗಿಟುಕನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದು ಯಾರದ್ದು?" ಎಂದರು.

ಒಣಕೊಬ್ಬರಿ ವಿಮಾನಯಾನದ ನಿಯಮಗಳಲ್ಲಿ ಅಪಾಯಕಾರಿ ಸರಕೆಂಬುದು ನನಗೆ ಅಂದು ತಿಳಿಯಿತು. ಅದರಲ್ಲಿರುವ ಎಣ್ಣೆಯ ಅಂಶದಿಂದಾಗಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ತೆಂಗಿನ ಮರದ ಬುಡದಲ್ಲೇ ಹುಟ್ಟಿ ಬೆಳೆದು, ಅಟ್ಟದ ಮೇಲೆ ಮೂಟೆಗಟ್ಟಲೆ ಕೊಬ್ಬರಿಯಿಟ್ಟು ಅದರ ಕೆಳಗೇ ನಿಶ್ಚಿಂತೆಯಿಂದ ಮಲಗುವ ನಮ್ಮ ಜಿಲ್ಲೆಗಳ ಜನರಿಗೆ ಈ ವಿಷಯವನ್ನು ಹೇಗೆ ತಿಳಿಸುವುದೋ ನನಗೆ ಈಗಲೂ ಗೊತ್ತಾಗಿಲ್ಲ. ಕೊಡಲಿ ವಿಮಾನಕ್ಕೆ ಹೋಯಿತು, ಕೊಬ್ಬರಿ ಕಸದ ಬುಟ್ಟಿಗೆ ಹೋಯಿತು. ಸುಮಾರು ಒಂದು ಕಿಲೋ ಕಡಿಮೆಯಾಯಿತೆಂದು ಮಾಸ್ಟ್ರು ಮಾತ್ರ ಸಂತೋಷಪಟ್ಟರು.

ಅಷ್ಟರಲ್ಲಿ ಕೌಂಟರಿನಲ್ಲಿ ಸ್ಟುಡಿಯೋದವರ ದನಿ ಏರತೊಡಗಿತು. ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ ಎಂಬ ಅರ್ಧ ಸತ್ಯವನ್ನು ನಂಬಿ ಅವರು ಆಧಾರ್ ಕಾರ್ಡ್ ಹಿಡಿದು ಬಂದಿದ್ದರು. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು, ಆಧಾರ್ ಅಲ್ಲಿ ನಡೆಯುವುದಿಲ್ಲ ಎಂಬುದು ಉಳಿದ ಅರ್ಧ. ಚೀಟಿ ಕಟಪಾಡಿಯ ಮನೆಯ ಕಪಾಟಿನಲ್ಲಿ ದೇವರ ಫೋಟೋದ ಹಿಂದೆ ಭದ್ರವಾಗಿತ್ತು. ಅವರ ಭಾವನಿಗೆ ಫೋನ್ ಹೋಯಿತು. ಆ ಪುಣ್ಯಾತ್ಮರು ಬೈಕಿನಲ್ಲಿ ಪಡುಬಿದ್ರಿ, ಮೂಲ್ಕಿ ದಾಟಿ, ಕಿನ್ನಿಗೋಳಿಯಲ್ಲಿ ಒಳಹೊಕ್ಕು, ಕಟೀಲಿನ ಅಮ್ಮನಿಗೆ ರಸ್ತೆಯಿಂದಲೇ ಕೈ ಮುಗಿದು, ಕೌಂಟರ್ ಮುಚ್ಚಲು ಹನ್ನೊಂದು ನಿಮಿಷವಿರುವಾಗ ಬಾಗಿಲಿಗೆ ಬಂದು ನಿಂತರು. ಚೀಟಿ ತಲುಪಿದರೂ ಕೆಲಸ ಮುಗಿಯಲಿಲ್ಲ. ಅದರಲ್ಲಿದ್ದ ಚಿತ್ರದಲ್ಲಿ ಒಂದು ಜೊತೆ ಕಿವಿ ಮತ್ತು ಕಪ್ಪು ಮೋಡವೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಕೌಂಟರಿನ ಹುಡುಗಿ ಚಿತ್ರವನ್ನೂ ಮುಖವನ್ನೂ ಬಹಳ ಹೊತ್ತು ಹೋಲಿಸಿ ನೋಡಿ, "ಸರ್, ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಮೂವತ್ತು ವರ್ಷಗಳಿಂದ ಊರಿನವರ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿರುವ ಆ ಮನುಷ್ಯ ತಲೆ ತಗ್ಗಿಸಿ, "ಬಿಸಿನೆಸ್" ಎಂದರು.

ದೆಹಲಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬೆಂಚಿನ ಮೇಲೆ ಮಲಗಿದ್ದೆವು.

ಕಾಠ್ಮಂಡುವಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ಇಲ್ಲಿಯೂ ಅದೇ 15 ಎಂದು ಮಾಸ್ಟ್ರಿಗೆ ಒಂದು ಬಗೆಯ ಸಮಾಧಾನ. ಒಂದು ಗಂಟೆಯೋ ಎರಡು ಗಂಟೆಯೋ ವ್ಯತ್ಯಾಸವಿದ್ದರೆ ಮನುಷ್ಯ ಎಚ್ಚರದಿಂದಿರುತ್ತಾನೆ. ಕಾಲು ಗಂಟೆಯೆಂದರೆ ನಮ್ಮ ಕಡೆ ಅದು ವ್ಯತ್ಯಾಸವೇ ಅಲ್ಲ, ಮದುವೆ ಮನೆಯಲ್ಲಿ ಮುಹೂರ್ತಕ್ಕೂ ಊಟಕ್ಕೂ ನಡುವೆ ಆರಾಮವಾಗಿ ಮಾಯವಾಗುವ ಹೊತ್ತು. ಮಾವ ಕೊಟ್ಟ ಕೈಗಡಿಯಾರದ ಮುಳ್ಳು ತಿರುಗಿಸಲು ಒಪ್ಪದ ಡಾಕ್ಟ್ರು ಕಾಠ್ಮಂಡುವಿನಲ್ಲಿದ್ದಷ್ಟು ದಿನವೂ ಪ್ರತಿಯೊಂದಕ್ಕೂ ಸಮಯಕ್ಕೆ ಸರಿಯಾಗಿ ತಡವಾಗಿ ಬಂದರು. ಹಣದ ವಿಷಯದಲ್ಲಿ ಮಾತ್ರ ನಮಗೆ ಸುಖವಿತ್ತು. ನಮ್ಮ 100 ರೂಪಾಯಿಗೆ ಅಲ್ಲಿ 160. ಊರಲ್ಲಿ ಗೋಳಿಬಜೆಯ ಎರಡನೆಯ ಪ್ಲೇಟಿಗೆ ಹಿಂದೆಮುಂದೆ ನೋಡುವ ನಾವು ಪ್ರವಾಸಿಗರ ಪೇಟೆಯಾದ ಥಮೆಲ್‌ನ ಗಲ್ಲಿಗಳಲ್ಲಿ ಜಮೀನ್ದಾರರಂತೆ ನಡೆದಾಡಿದೆವು. ಅಲ್ಲಿಯ ಬೆಲೆಗಳೂ ಅದೇ ಲೆಕ್ಕದಲ್ಲಿ ಏರಿರುತ್ತವೆಂಬುದು, ಲೆಕ್ಕ ಬರೆಯುವುದೇ ಕಸುಬಾದ ನನಗೂ, ಎರಡು ದಿನ ಹೊಳೆಯಲಿಲ್ಲ.

ಥಮೆಲ್‌ನಲ್ಲಿ ಬೂಟು, ಜಾಕೆಟ್ಟುಗಳನ್ನು ಬಾಡಿಗೆಗೆ ತೆಗೆದುಕೊಳ್ಳಬೇಕಿತ್ತು. ಎತ್ತರದ ಹಿಮಕ್ಕೆಂದು ಮಾಡಿದ ಜೋಡಿಪದರದ ಬೂಟುಗಳಲ್ಲಿ ಕಣಕಾಲು ಮಡಚುವುದಿಲ್ಲ. ಅವನ್ನು ಹಾಕಿಕೊಂಡು, ಬಾತುಕೋಳಿ ಪುಕ್ಕ ತುಂಬಿದ ಕೆಂಪು ಜಾಕೆಟ್ಟಿನಲ್ಲಿ ಹುಡುಗ ಅಂಗಡಿಯೊಳಗೆ ನಾಲ್ಕು ಹೆಜ್ಜೆಯಿಟ್ಟಾಗ, ಬಣ್ಣದ ವೇಷದ ಪ್ರವೇಶಕ್ಕೆ ಚೆಂಡೆಯೊಂದೇ ಬಾಕಿಯಿತ್ತು. ಮಧ್ಯಾಹ್ನ ಪಶುಪತಿನಾಥನ ದರ್ಶನಕ್ಕೆ ಹೋದೆವು. ಅಲ್ಲಿ ಪೂಜೆ ಮಾಡುವ ಭಟ್ಟರುಗಳು ತಲೆತಲಾಂತರದಿಂದ ದಕ್ಷಿಣದವರು, ಕರ್ನಾಟಕದವರು, ಎಂದು ನಾನು ಅಭಿಮಾನದಿಂದ ವಿವರಿಸುತ್ತಿದ್ದಾಗಲೇ ಸ್ಟುಡಿಯೋದವರು, ಇಲ್ಲಿ ನಮ್ಮ ಭಾಷೆ ಯಾರಿಗೆ ತಿಳಿಯುತ್ತದೆಂಬ ಧೈರ್ಯದಲ್ಲಿ, ಮುಂದಿದ್ದ ಸ್ಥೂಲಕಾಯದ ಯಾತ್ರಿಕರೊಬ್ಬರ ಬಗ್ಗೆ ಗಟ್ಟಿಯಾಗಿ, "ಈ ಜನ ಸ್ವಲ್ಪ ಆಚೆ ಸರಿದ್ರೆ ದೇವರು ಕಾಣ್ತಿದ್ದ" ಎಂದರು. ಆ ಯಾತ್ರಿಕರು ತಿರುಗಿ ನೋಡಿ, ಅಚ್ಚ ಕುಂದಾಪುರದ ರಾಗದಲ್ಲಿ, "ನೀವೇ ಮುಂದ್ ಬನ್ನಿ ಮಾರಾಯ್ರೆ" ಎಂದು ಜಾಗ ಬಿಟ್ಟರು. ನಾವು ದರ್ಶನ ಮಾಡಿದ್ದು ಕಣ್ಣು ಮುಚ್ಚಿಕೊಂಡೇ.

ಮರುದಿನ ಮಧ್ಯಾಹ್ನದ ಊಟದ ನಂತರ ಡಾಕ್ಟ್ರು ಮಾತ್ರೆ ಹಂಚಿದರು. ಎತ್ತರದ ಕಾಯಿಲೆ ತಡೆಯಲು ಏರುವ ಹಿಂದಿನ ದಿನವೇ ಶುರು ಮಾಡುವ ಅಸಿಟಾಜೋಲಮೈಡ್ ಅದು. ಮನುಷ್ಯರ ವೈದ್ಯರೊಬ್ಬರಿಂದ ಚೀಟಿ ಬರೆಸಿ ತಂದಿದ್ದರೂ ಅವರಿಗೆ ಪ್ರಮಾಣದ ಬಗ್ಗೆ ಒಳಗೊಳಗೇ ಅಸಮಾಧಾನವಿತ್ತು. "ದನಕ್ಕಾದ್ರೆ ತೂಕ ನೋಡಿ ಕೊಡ್ತೇವೆ, ನಿಮಗೆಲ್ಲ ಒಂದೇ ಲೆಕ್ಕ ಅಂತೆ" ಎಂದು ಗೊಣಗುತ್ತ ಎಲ್ಲರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಮಾತ್ರೆಯಿಂದ ಬೆರಳ ತುದಿ ಜುಮ್ಮೆನ್ನುತ್ತದೆ ಎಂದು ತಿಳಿಸಿದ ಅವರು, ಸೋಡಾದಂಥ ಗ್ಯಾಸ್ ಪಾನೀಯಗಳ ರುಚಿ ಸಪ್ಪೆಯೆನಿಸುತ್ತದೆ ಎಂಬುದನ್ನು ಮರೆತರು. ಸಂಜೆ ಸ್ಟುಡಿಯೋದವರು ಗಲ್ಲಿಯ ಅಂಗಡಿಯಲ್ಲಿ ಸೋಡಾ ಕುಡಿದು, ಇದರಲ್ಲಿ ಗ್ಯಾಸೇ ಇಲ್ಲವೆಂದು ಹಿಂದಿರುಗಿಸಿದರು. ಎರಡನೆಯ ಬಾಟಲಿಯೂ ಹಾಗೆಯೇ. ಮೂರನೆಯದನ್ನು ಅಂಗಡಿಯವನು ಅವರ ಮೂಗಿನ ಕೆಳಗೇ ತೆರೆದ. ಅದು ಉಕ್ಕಿ ಅವರ ಅಂಗಿಯನ್ನು ನೆನೆಸಿದರೂ ನಾಲಗೆಗೆ ಮಾತ್ರ ಬಾವಿಯ ನೀರಿನಂತೆಯೇ ಇತ್ತು. ಗ್ರಾಹಕರ ವೇದಿಕೆಯವರೆಗೆ ಹೋಗಲಿದ್ದ ಆ ಪ್ರಕರಣವನ್ನು ಡಾಕ್ಟ್ರು ಬಂದು, ಅದೂ ಕಾಲು ಗಂಟೆ ತಡವಾಗಿ, ಬಿಡಿಸಿದರು.

ಆ ಮಾತ್ರೆಯ ಮುಖ್ಯ ಗುಣ ಬೇರೆಯೇ ಇತ್ತು. ಜನದಟ್ಟಣೆಯ ತಿಂಗಳುಗಳಲ್ಲಿ ಕಾಠ್ಮಂಡುವಿನ ನಿಲ್ದಾಣ ಕಿಕ್ಕಿರಿಯುವುದರಿಂದ ಲುಕ್ಲಾದ ವಿಮಾನಗಳನ್ನು ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹಾರಿಸುತ್ತಾರೆ. ಅಲ್ಲಿಗೆ ಸುಮಾರು 130 ಕಿಲೋಮೀಟರ್ ಬೆಟ್ಟದ ರಸ್ತೆ. ಬೆಳಗಿನ ವಿಮಾನಕ್ಕೆ ರಾತ್ರಿ ಒಂದು ಗಂಟೆಗೇ ಹೊರಡಬೇಕು. ಅಸಿಟಾಜೋಲಮೈಡ್ ಮೂತ್ರವನ್ನು ಹೆಚ್ಚಿಸುವ ಔಷಧವೂ ಹೌದು. ಐದು ಜನ, ಐದು ಮಾತ್ರೆ, ಕಗ್ಗತ್ತಲು, ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿಯಲ್ಲಿ ವಾಂತಿಗೆ ಬಸ್ಸು ನಿಲ್ಲಿಸಿ ಅಭ್ಯಾಸವಿದ್ದ ನಮಗೆ ಇದು ಹೊಸ ಅನುಭವ. ಒಬ್ಬರು ಹತ್ತಿ ಕೂರುವಷ್ಟರಲ್ಲಿ ಇನ್ನೊಬ್ಬರು ಚಾಲಕನ ಹೆಗಲು ಮುಟ್ಟುತ್ತಿದ್ದರು. ಏಳನೆಯ ನಿಲುಗಡೆಯ ನಂತರ ಚಾಲಕ ಎಂಜಿನ್ ಆರಿಸಿ, ತಾನೂ ಇಳಿದು ಒಂದು ಬೀಡಿ ಹಚ್ಚಿ, "ಬಿಸ್ತಾರೈ, ಬಿಸ್ತಾರೈ" ಎಂದ. ನಿಧಾನವಾಗಿ ಎಂದು ಅದರ ಅರ್ಥ. ನಮ್ಮ ವಿಸ್ತಾರವೂ ಅದೂ ಒಂದೇ ಮೂಲದ್ದಿರಬಹುದೇ ಎಂದು ನಾನು ರಸ್ತೆಯ ಅಂಚಿನಲ್ಲಿ ನಿಂತು ಯೋಚಿಸಿದೆ. ಯೋಚಿಸಲು ಸಾಕಷ್ಟು ಸಮಯವಿತ್ತು.

ಮಂಥಲಿ ಐನೂರು ಮೀಟರಿಗಿಂತಲೂ ತಗ್ಗಿನ ಕಣಿವೆ. ಬಿಸಿಲೇರುತ್ತಲೇ ಅಲ್ಲಿ ನಮ್ಮೂರಿನದೇ ಸೆಕೆ. ಥಮೆಲ್‌ನ ಸಾಮಾನು ಸೇರಿ ನನ್ನ ಚೀಲಗಳು ಹತ್ತೊಂಬತ್ತೂವರೆ ಕಿಲೋ ತೂಗುತ್ತವೆಂಬುದನ್ನು ಹಿಂದಿನ ರಾತ್ರಿಯೇ ಕಂಡುಕೊಂಡಿದ್ದ ಮಾಸ್ಟ್ರು ಉಪಾಯವನ್ನೂ ಸಿದ್ಧಪಡಿಸಿದ್ದರು: ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ. ಹಾಗಾಗಿ ಬೂಟು ಕಾಲಿಗೆ, ಜಾಕೆಟ್ಟು ಮೈಗೆ, ಕ್ರ್ಯಾಂಪಾನ್‌ಗಳು ಜಾಕೆಟ್ಟಿನ ಒಳಜೇಬಿಗೆ, ಮಿಡಿ ಉಪ್ಪಿನಕಾಯಿಯ ಡಬ್ಬಿ ಬಲಜೇಬಿಗೆ. ಅಂಗಿ ಕೈ ಮಡಚಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಜನರ ಸಾಲಿನಲ್ಲಿ ನಾವು ಐವರು ಹಿಮಪಾತವನ್ನು ನಿರೀಕ್ಷಿಸುವವರಂತೆ ನಿಂತಿದ್ದೆವು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನನ್ನ ಚೀಲಗಳು ಮುಳ್ಳಿನಲ್ಲಿ ಸರಿಯಾಗಿ 15 ತೋರಿಸಿದವು. ತೂಕದವನು ಮುಗುಳ್ನಕ್ಕ. ಆಮೇಲೆ, ನನ್ನ ಆರೋಗ್ಯದ ಮೇಲಿನ ಕಾಳಜಿಯಿಂದಲೋ ಏನೋ, ಜಾಕೆಟ್ಟು ತೆಗೆದು ತಕ್ಕಡಿಯ ಮೇಲಿಡುವಂತೆ ಕೈಸನ್ನೆ ಮಾಡಿದ.

ನಾನು ಗಾಬರಿಯಲ್ಲಿ ಜಿಪ್ ಎಳೆದ ರಭಸಕ್ಕೆ ಕ್ರ್ಯಾಂಪಾನ್‌ನ ಒಂದು ಹಲ್ಲು ಒಳಬಟ್ಟೆಯನ್ನು ಉದ್ದಕ್ಕೆ ಸೀಳಿತು. ಮೊದಲು ಒಂದು ಪುಕ್ಕ ಹೊರಬಂದು ಗಾಳಿಯಲ್ಲಿ ತೇಲಿತು. ಎಲ್ಲರೂ ಅದನ್ನೇ ನೋಡಿದರು. ಛಾವಣಿಯ ಫ್ಯಾನು ಅದನ್ನು ಸೆಳೆದುಕೊಂಡ ಮರುಗಳಿಗೆ ಹಿಂಡುಹಿಂಡಾಗಿ ಉಳಿದವು ಹೊರಟವು. ತೂಕದವನ ಹುಬ್ಬಿನ ಮೇಲೆ, ಜರ್ಮನ್ ಪ್ರವಾಸಿಯೊಬ್ಬರ ಚಹಾದಲ್ಲಿ, ನನ್ನ ಬೆವರಿದ ಮುಖದ ತುಂಬ ಬಿಳಿ ಪುಕ್ಕ. ಡಾಕ್ಟ್ರು ಮಾತ್ರ ಒಂದನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡಿ, "ಬಾತು ಅಲ್ಲ ಇದು, ಕೋಳಿ. ಬಾಡಿಗೆಯಲ್ಲಿ ಮೋಸ ಆಗಿದೆ" ಎಂದು ವೃತ್ತಿಪರ ಅಭಿಪ್ರಾಯ ನೀಡಿದರು. ಹೆಚ್ಚುವರಿ ನಾಲ್ಕೂವರೆ ಕಿಲೋಗೆ ನಾನು ಕಟ್ಟಿದ ಶುಲ್ಕ ಥಮೆಲ್‌ನ ಎರಡು ಕಾಫಿಗಿಂತ ಕಡಿಮೆಯಿತ್ತು. ಜಾಕೆಟ್ಟಿನ ದಂಡದ ಮೊತ್ತವನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ವಿಮಾನದಲ್ಲಿ ಕುಳಿತ ಮೇಲೆ ಮಾಸ್ಟ್ರು ಎಲ್ಲರಿಗೂ ಧೈರ್ಯ ತುಂಬಿದರು. ಬಜ್ಪೆಯ ಟೇಬಲ್‌ಟಾಪ್ ರನ್‌ವೇಯಲ್ಲಿ ಇಳಿದು ಅಭ್ಯಾಸವಿದ್ದವರಿಗೆ ಲುಕ್ಲಾ ಏನು ಮಹಾ ಎಂದರು. ಬಜ್ಪೆಯದು 2,450 ಮೀಟರ್, ಲುಕ್ಲಾದ್ದು 527 ಎಂದು ಹುಡುಗ ಮೊಬೈಲಿನಿಂದ ಓದಿ ಹೇಳಿದ. ಅದು ಏರುಮುಖದ ಇಳಿಜಾರು, ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ತುದಿಯಲ್ಲಿ ಪ್ರಪಾತ. 1964ರಲ್ಲಿ ಹಿಲರಿ ಅದನ್ನು ಮಾಡಿಸುವಾಗ ನೆಲ ಗಟ್ಟಿಯಾಗಲೆಂದು ಶೆರ್ಪಾಗಳನ್ನು ಅದರ ಮೇಲೆ ಕುಣಿಸಿದರೆಂಬ ಕಥೆಯಿದೆ ಎಂದೂ ಓದಿದ. "ಕುಣಿಸಿದ್ದಾ?" ಎಂದು ಕೇಳಿದ ಮಾಸ್ಟ್ರು ಮತ್ತೆ ಮಾತಾಡಲಿಲ್ಲ. ಇಪ್ಪತ್ತು ನಿಮಿಷಗಳ ಆ ಹಾರಾಟದಲ್ಲಿ ಐದು ಮಾತ್ರೆಗಳೂ ಕೆಲಸ ನಿಲ್ಲಿಸಿದ್ದವೆಂದು ತೋರುತ್ತದೆ, ಯಾರೂ ಅಲುಗಾಡಲಿಲ್ಲ.

ಲುಕ್ಲಾದಲ್ಲಿ ನಮ್ಮನ್ನು ಎದುರುಗೊಂಡ ಭಾರಿಯಣ್ಣ, ಅಂದರೆ ಹೊರೆ ಹೊರುವವನು, ನನ್ನ ಹೆಗಲಷ್ಟೇ ಎತ್ತರದವನು. ನನ್ನ ಚೀಲದ ಮೇಲೆ ಮಾಸ್ಟ್ರ ಚೀಲವನ್ನಿಟ್ಟು ಹಗ್ಗದಲ್ಲಿ ಬಿಗಿದು, ಹಣೆಗೆ ಪಟ್ಟಿ ಕೊಟ್ಟು ಎತ್ತಿಕೊಂಡು, ಮಧ್ಯೆ ತನ್ನ ಚಪ್ಪಲಿಯ ಬಾರನ್ನೂ ಸರಿಪಡಿಸಿಕೊಂಡು, ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದು ಹೋದ. ಮೂರು ತಿಂಗಳ ಕುಚ್ಚಲಕ್ಕಿ ನೆನಪಾಗಿ ಮಾಸ್ಟ್ರು ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ನಿಂತರು. ಅಷ್ಟರಲ್ಲಿ ನನ್ನ ಫೋನು ಗುಣುಗುಟ್ಟಿತು. ಮಲ್ಪೆಯಿಂದ ದೊಡ್ಡಮ್ಮ.

"ತಲುಪಿದಿಯಾ? ಬೋಟಲ್ಲಿ ವಾಂತಿ ಆಗ್ಲಿಲ್ಲ ಅಲ್ಲ?"

"ಇಲ್ಲ ದೊಡ್ಡಮ್ಮ."

"ಕೊಬ್ಬರಿ ತಿಂದಿರಾ?"

"ತಿಂದೆವು."

"ಅಲ್ಲಿ ಮೀನು ಹೇಗುಂಟು?"

ನಾನು ಮೂಗಿನ ಮೇಲಿನ ಪುಕ್ಕವನ್ನು ತೆಗೆದು, ಎದುರಿನ ಹಿಮಶಿಖರಗಳನ್ನೊಮ್ಮೆ ನೋಡಿದೆ.

"ರೇಟು ಜಾಸ್ತಿ ದೊಡ್ಡಮ್ಮ" ಎಂದೆ.