ಒಂದು ಪೈಸೆಯ ಜನನ, ಮರಣ ಮತ್ತು ರೌಂಡ್ ಆಫ್

2011ರ ಜೂನ್ 30ರಂದು ನಾಲ್ಕಾಣೆ ತೀರಿಕೊಂಡಿತು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳೆಲ್ಲ ಅಂದೇ ಸಾಮೂಹಿಕವಾಗಿ ನಿವೃತ್ತವಾದವು. ಬ್ಯಾಂಕಿನಲ್ಲಿ ಬದಲಿಸಿಕೊಳ್ಳಲು ಹಿಂದಿನ ಸಂಜೆಯವರೆಗೆ ಗಡುವಿತ್ತು. ಉಪ್ಪಿನಕಾಯಿ ಭರಣಿಯ ಹಿಂದಿನ ಡಬ್ಬಿ ನೆನಪಾಗುವುದು ಗಡುವು ಮುಗಿದ ಮೇಲೆಯೇ, ಹಾಗಾಗಿ ಘೇಂಡಾಮೃಗದ ಚಿತ್ರವಿದ್ದ ಆ ಸ್ಟೀಲಿನ ಬಿಲ್ಲೆಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ.

ಜೇಬಿನಿಂದ ಹೋದ ಪೈಸೆ ಬಿಲ್ಲಿನಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ಅದು ಹುಟ್ಟುವುದನ್ನು ನೋಡಬೇಕಿದ್ದರೆ ಹೋಟೆಲಿನ ಬಿಲ್ಲು ಓದಬೇಕು. ತಿಂದದ್ದು 187 ರೂಪಾಯಿ, ಜಿಎಸ್‌ಟಿ ಶೇಕಡಾ 5 ಎಂದಿಟ್ಟುಕೊಳ್ಳಿ. ಒಟ್ಟು ತೆರಿಗೆ 9.35 ಆಗಬೇಕು. ಆದರೆ ತೆರಿಗೆಯನ್ನು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಪಾಲು ಮಾಡಬೇಕಲ್ಲ? ಒಂದೊಂದು ಪಾಲು 4.675. ಅರ್ಧ ಪೈಸೆಯನ್ನು ಮುದ್ರಿಸಲಾಗದ ಯಂತ್ರ ಎರಡನ್ನೂ 4.68 ಮಾಡುತ್ತದೆ. ಒಟ್ಟು 196.36. ಅಣ್ಣತಮ್ಮಂದಿರ ಪಾಲಿನಲ್ಲಿ ಆಸ್ತಿ ಬೆಳೆದ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ, ಇಲ್ಲಿ ಒಂದು ಪೈಸೆ ಬೆಳೆಯಿತು! ಕೆಳಗೆ ಸಣ್ಣ ಅಕ್ಷರದಲ್ಲಿ ‘ರೌಂಡ್ ಆಫ್ -0.36’ ಎಂಬ ಸಾಲು ಬಂದು, ಹುಟ್ಟಿದ ಪೈಸೆಯನ್ನೂ ಅದರ ಮೂವತ್ತೈದು ಬಂಧುಗಳನ್ನೂ ಒರೆಸಿ ಹಾಕುತ್ತದೆ. ಕೊಡಬೇಕಾದ್ದು 196.

ತಿಂದವರು ಮೂವರಾದರೆ ಕಥೆ ಮುಂದುವರಿಯುತ್ತದೆ. ಒಬ್ಬರು ಪೂರ್ತಿ ಕೊಟ್ಟು, ಉಳಿದಿಬ್ಬರು ಫೋನಿನಲ್ಲಿ ತಲಾ 65.33 ಕಳಿಸುತ್ತಾರೆ. ಮೂರು ಸಲ 65.33 ಅಂದರೆ 195.99. ಬಿಲ್ಲು ಕೊಟ್ಟವರಿಗೆ ಒಂದು ಪೈಸೆ ನಷ್ಟ. ಅದನ್ನು ಬಾಯಿಬಿಟ್ಟು ಕೇಳಿದರೆ ನಷ್ಟ ಇನ್ನೂ ದೊಡ್ಡದು. ಸುಲಭದ ದಾರಿ: 66, 65, 65. ಕೊನೆಯ ವಡೆ ತಿಂದವರಿಗೆ 66.

ರೌಂಡ್ ಆಫ್ ಎಲ್ಲಿ ಮಾಡುತ್ತಾರೆ ಎನ್ನುವುದರ ಮೇಲೆ ಕಣ್ಣಿರಲಿ. 12.50, 7.50, 22.50ರ ಮೂರು ಸಾಮಾನು ಕೂಡಿದರೆ 42.50, ಅಂದರೆ 43 ರೂಪಾಯಿ. ಕೆಲವು ಅಂಗಡಿಗಳಲ್ಲಿ ಬೆರಳು ಮಡಿಸುತ್ತ ‘ಹದಿಮೂರು, ಎಂಟು, ಇಪ್ಪತ್ಮೂರು’ ಎಂದು ಒಂದೊಂದನ್ನೇ ಮೇಲೆತ್ತಿ 44 ಮಾಡಿಬಿಡುತ್ತಾರೆ. ಕೂಡಿದ ಮೇಲೆ ಒಂದೇ ಸಲ ಮೇಲೆತ್ತಬೇಕು.

ತರಕಾರಿಯಲ್ಲೂ ಇದೇ ಕಾಟ. ಕೆಜಿಗೆ 45 ರೂಪಾಯಿಯ ಬೀನ್ಸ್ ಕಾಲು ಕೆಜಿಗೆ 11.25. ಗಾಡಿಯವರ ಬಾಯಲ್ಲಿ ಅದು ‘ಹನ್ನೆರಡು’. ದಿನಕ್ಕೆ ಕಾಲು ಕೆಜಿಯಂತೆ ನಾಲ್ಕು ದಿನ ತಂದರೆ 48, ಒಮ್ಮೆಲೇ ತಂದರೆ 45. ಮೂರು ರೂಪಾಯಿ ಉಳಿಸಲು ಕೆಜಿಗಟ್ಟಲೆ ತಂದು, ನಾಲ್ಕನೇ ದಿನ ಬಾಡಿದ ಮುಕ್ಕಾಲು ಹಿಡಿ ಎಸೆದರೆ ಲೆಕ್ಕ ಮತ್ತೆ ಸಮ. ಕೆಜಿ ದರ ನಾಲ್ಕರಿಂದ ಭಾಗವಾಗುತ್ತದೆಯೇ ನೋಡಿ. 44 ಇದ್ದರೆ ಕಾಲು ಕೇಳಿ, 46 ಇದ್ದರೆ ಅರ್ಧ ಕೇಳಿ. 45 ಇದ್ದರೆ ಕಾಲು ಕೇಳಿ, ಮುಕ್ಕಾಲು ರೂಪಾಯಿಗೆ ಎರಡೆಸಳು ಕರಿಬೇವು ಹಾಕಿಸಿಕೊಳ್ಳಿ. ಕರಿಬೇವಿಗೆ ರೌಂಡ್ ಆಫ್ ಇಲ್ಲ.

ಪೆಟ್ರೋಲಿನಲ್ಲಿ ಲೀಟರ್ ಲೆಕ್ಕ ಬಿಟ್ಟು ರೂಪಾಯಿ ಲೆಕ್ಕದಲ್ಲಿ ಕೇಳುವುದೇ ರೂಢಿ, ಅದು ಸರಿಯೂ ಹೌದು. ದರ 102.86 ಎಂದುಕೊಂಡರೆ, ಒಂದು ಲೀಟರ್ ಹಾಕಿಸಿ 103 ಕೊಟ್ಟಾಗ 14 ಪೈಸೆ ಹೋಯಿತು. ಅಷ್ಟು ಹಣದ ಪೆಟ್ರೋಲು ಸುಮಾರು 1.4 ಮಿಲಿಲೀಟರ್, ಟೀ ಚಮಚದ ಮೂರನೇ ಒಂದು ಭಾಗವೂ ಆಗದು. ಪೈಪ್ ತೆಗೆಯುವಾಗ ಸೀಟಿನ ಮೇಲೆ ಬೀಳುವ ಹನಿಗಳ ಬಗ್ಗೆ ಚಿಂತಿಸುವುದು ಮೇಲು.

ಬ್ಯಾಂಕಿನವರದು ನೇರ ಮಾತು: ಐವತ್ತು ಪೈಸೆ ಮತ್ತು ಮೇಲ್ಪಟ್ಟರೆ ಒಂದು ರೂಪಾಯಿ, ಕಡಿಮೆಯಾದರೆ ಸೊನ್ನೆ. ಬಡ್ಡಿ 1,249.49 ಬಂದರೆ 1,249, ಇನ್ನೊಂದೇ ಪೈಸೆ ಸೇರಿದರೆ 1,250. ಆದರೂ ಪೈಸೆ ಬರೆದಿದೆ ಎಂಬ ಕಾರಣಕ್ಕೆ ಚೆಕ್ಕನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಚೆಕ್ಕಿನಲ್ಲಿ ‘ಮೂವತ್ತಾರು ಪೈಸೆ ಮಾತ್ರ’ ಎಂದು ಅಕ್ಷರದಲ್ಲಿ ಬರೆಯಲು ಜಾಗ ಸಾಲದೆ ಸಹಿಯ ಮೇಲೆ ಹತ್ತಿಸಿದರೆ, ಆ ತಪ್ಪು ಬೇರೆ.

ಈಗ ಎಲ್ಲರಿಗಿಂತ ಚಿಕ್ಕದು ಎಂಟಾಣೆ. ಕಾನೂನಿನ ಪ್ರಕಾರ ಅದು ಬದುಕಿದೆ, ಅಂಗಡಿಯಲ್ಲಿ ಹಾಗೆಂದು ನಂಬಿಸುವುದು ಕಷ್ಟ. 2011ರ ನಾಣ್ಯ ಕಾಯ್ದೆಯಂತೆ ಐವತ್ತು ಪೈಸೆಯ ನಾಣ್ಯದಲ್ಲಿ ಹತ್ತು ರೂಪಾಯಿಯವರೆಗೆ ಪಾವತಿಸಬಹುದು, ಅಂದರೆ ಇಪ್ಪತ್ತು ನಾಣ್ಯ. ಇಪ್ಪತ್ತೊಂದನೆಯದನ್ನು ಬೇಡವೆನ್ನುವ ಹಕ್ಕು ಎದುರಿನವರಿಗಿದೆ. ಅವರು ಮೊದಲನೆಯದಕ್ಕೇ ಬೇಡವೆನ್ನುತ್ತಾರೆ. ಬದಲಿಗೆ ತಾವು ಚಿಲ್ಲರೆಗೆಂದು ಕೊಡುವುದು ಚಾಕೊಲೇಟು. ಅದೇ ಚಾಕೊಲೇಟನ್ನು ಮರುದಿನ ಅದೇ ಕೌಂಟರಿನಲ್ಲಿ ಚಿಲ್ಲರೆಯಾಗಿ ಕೊಟ್ಟು ನೋಡಿ! ಏಪ್ರಿಲಿನಲ್ಲಂತೂ ಬೇಡ, ಜೇಬಿನಲ್ಲಿ ಕಾಗದ ಯಾವುದು, ಚಾಕೊಲೇಟು ಯಾವುದು, ಬಸ್ ಟಿಕೆಟ್ ಯಾವುದು ಎಂದು ಬಿಡಿಸಲು ಬಿಸಿನೀರು ಬೇಕಾಗುತ್ತದೆ.

ಇನ್ನು ಡಬ್ಬಿಯಲ್ಲಿರುವ ನಾಲ್ಕಾಣೆಗಳು. ಹುಂಡಿಗೆ ಹಾಕಬೇಡಿ, ಎಣಿಸುವವರು ಶಪಿಸುತ್ತಾರೆ. ಅಡ್ಡಳತೆ 19 ಮಿಲಿಮೀಟರ್ ಇರುವ ಈ ಬಿಲ್ಲೆ ಅಲ್ಲಾಡುವ ಮೇಜಿನ ಕಾಲಿಗೆ ಒಂದೆರಡು ಇಟ್ಟರೆ ಕೂರುತ್ತದೆ, ಮೂರಿಟ್ಟರೆ ಜಾರುತ್ತದೆ. ತೂಕ ನೋಡುವ ಯಂತ್ರದ ತಳದಲ್ಲಿ ಬ್ಯಾಟರಿ ಮುಚ್ಚಳಕ್ಕೆ ಒಂದು ಸೀಳು ಇರುತ್ತದಲ್ಲ, ಅದಕ್ಕೆ ಸ್ಕ್ರೂಡ್ರೈವರ್ ಹುಡುಕುವ ಮೊದಲು ಘೇಂಡಾಮೃಗವನ್ನು ತೂರಿಸಿ ಎಡಕ್ಕೆ ತಿರುಗಿಸಿ ನೋಡಿ.