ಅಮ್ಮ ನಾಟಕ ಮಾಡುತ್ತಿಲ್ಲ

ನಿನ್ನೆಯಿಂದ ಮೈ ಉರಿಯುತ್ತಿದೆ. ಬರೆಯದೆ ಹೋದರೆ ನಿದ್ದೆ ಬರಲ್ಲ.

ಸಾಗರದ ಕಡೆಯ ನೆಂಟರೊಬ್ಬರು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಅಮ್ಮ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದಳು. ಕತ್ತಿಗೆ ಒಂದು ಒತ್ತು, ಸಿಪ್ಪೆ ಅತ್ತ, ಅಡಿಕೆ ಇತ್ತ. ಬೆರಳಿಗೆ ಒಂದು ಗೀರಿಲ್ಲ. ನನ್ನ ಹೆಂಡತಿ ಕಾಫಿ ತಂದಳು. ಅಮ್ಮ ತಲೆಯೆತ್ತಿ, "ನೀನು ಯಾರ ಮನೆ ಹುಡುಗಿ?" ಅಂದಳು. ನೆಂಟರು ನಕ್ಕರು. "ಅಡಿಕೆ ಸುಲಿಯೋದು ಗೊತ್ತು, ಸೊಸೆ ಗೊತ್ತಿಲ್ವಾ? ಎಲ್ಲ ನಾಟಕ ಮಾರಾಯ."

ನಾಟಕವಂತೆ!

ಅಮ್ಮನಿಗಿರುವುದು ಆಲ್ಝೈಮರ್, ನೆನಪು ಅಳಿಸುತ್ತಾ ಹೋಗುವ ಮೆದುಳಿನ ರೋಗ. ಅದು ಮೊದಲು ಕೈ ಹಾಕುವುದೇ ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದರ ಪಕ್ಕದ ಜಾಗಕ್ಕೆ. ಅಲ್ಲಿನ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈಗೆ ಕೂತ ಕೆಲಸದ ನೆನಪು ಮೆದುಳಿನ ಬೇರೆ ಕಡೆ ಇರುತ್ತದೆ, ಜಾಸ್ತಿ ದಿನ ಉಳಿಯುತ್ತದೆ. ಅಮ್ಮ ಎಂಟನೇ ವಯಸ್ಸಿನಿಂದ ಅಡಿಕೆ ಸುಲಿದವಳು. ಸೊಸೆ ಬಂದು ಆರೇ ವರ್ಷ.

ಇನ್ನೊಂದಿದೆ. ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್. ಅದನ್ನು ತಯಾರಿಸುವ ಕೋಶಗಳೂ ಸಾಯುತ್ತವೆ, ಅದನ್ನು ಹಿಡಿದುಕೊಳ್ಳುವ ನಿಕೋಟಿನಿಕ್ ರಿಸೆಪ್ಟರ್‌ಗಳೂ ಕಡಿಮೆಯಾಗುತ್ತವೆ. ಕೂಗುವವರೂ ಕಮ್ಮಿ, ಕೇಳುವ ಕಿವಿಯೂ ಕಮ್ಮಿ. ಅಮ್ಮನ ಡೊನೆಪೆಜಿಲ್ ಮಾತ್ರೆ ಇರುವ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಸತ್ತ ಕೋಶ ವಾಪಸ್ ಬರಲ್ಲ. ಇದರಲ್ಲಿ ನಾಟಕ ಎಲ್ಲಿ ಬಂತು ಸ್ವಾಮಿ?

"ಅರವತ್ತಕ್ಕೆ ಅರಳು ಮರಳು, ವಯಸ್ಸಾದರೆ ಎಲ್ಲರಿಗೂ ಇದ್ದದ್ದೇ" ಅಂತ ಕಾಮೆಂಟ್ ಹಾಕಲು ಕೆಲವರು ಈಗಲೇ ಬೆರಳು ಮಡಚಿರುತ್ತೀರಿ. ವಯಸ್ಸಾದಂತೆ ಮರೆವು ಬರುತ್ತೆ, ಒಪ್ಪಿದೆ. ಆದರೆ ಜರ್ಮನಿಯ ಅಲೋಯ್ಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ರೋಗಿ ಆಗುಸ್ಟ ಡೇಟರ್, 1901ರಲ್ಲಿ ಆಸ್ಪತ್ರೆ ಸೇರಿದಾಗ ಆಕೆಗೆ 51. ಅರವತ್ತಕ್ಕೆ ಇನ್ನೂ ಒಂಬತ್ತು ವರ್ಷ ಬಾಕಿ. ಆಕೆಯೂ ನಾಟಕದ ಕಂಪನಿಯವಳೇ ಇರಬೇಕು.

ನೆಂಟರಿಗೆ ಇಷ್ಟು ಬೈದೆ. ನನ್ನದೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ, ರೋಗ ಇನ್ನೂ ಗೊತ್ತಾಗಿರಲಿಲ್ಲ. "ಅಡಿಕೆ ಕೊನೆ ತೆಗೆಯೋರು ಬಂದ್ರಾ?" ಅಂತ ಒಂದೇ ಸಂಜೆ ಹತ್ತು ಸಲ ಕೇಳಿದಳು. "ಬೇಕಂತಲೇ ಮಾಡ್ತೀಯಾ?" ಅಂತ ಕಿರುಚಿದ್ದೆ. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಒಳಗೆ ಹೋಗಿದ್ದಳು.

ಇವತ್ತು ಬೆಳಿಗ್ಗೆಯೂ ಅದನ್ನೇ ಕೇಳಿದಳು. "ನಾಳೆ ಬರ್ತಾರಮ್ಮ" ಅಂದೆ. ನಾಲ್ಕು ಸಲ.