ಅರ್ಧಕ್ಕರ್ಧ ಅಪರಾಧ

ನಮ್ಮ ಕಾಕಾ ಬೆಣ್ಣೆದೋಸೆ ತಿನ್ನೋಕೆ ಬರುವುದನ್ನು ನೀವು ನೋಡಬೇಕು. ಒನ್‌ವೇ ರಸ್ತೆಯ ಉಲ್ಟಾ ತುದಿಯಿಂದ ಸ್ಕೂಟರ್ ನುಗ್ಗುತ್ತದೆ. ತಲೆ ಗಾಳಿಗೆ, ಹೆಲ್ಮೆಟ್ ಮೊಣಕೈಗೆ. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಬೋರ್ಡಿನ ಕಂಬದ ಬುಡದಲ್ಲೇ ಸ್ಟ್ಯಾಂಡ್ ಹಾಕುತ್ತಾರೆ, ಗುರುತು ಸಿಗಲಿ ಅಂತ. ಒಳಗೆ ಬಂದು, ಸೌದೆ ಒಲೆಯ ಹೊಗೆಗೆ ಕಣ್ಣುಜ್ಜಿಕೊಂಡು, ಪೇಪರ್ ಬಿಡಿಸಿ ಹೇಳುವ ಮೊದಲ ಮಾತು ಇಷ್ಟು ವರ್ಷದಲ್ಲಿ ಬದಲಾಗಿಲ್ಲ.

"ಈ ದೇಶದಾಗೆ ಕಾನೂನು ಅಂದ್ರೆ ಭಯಾನೇ ಇಲ್ಲಪಾ. ಅರಬ್ ದೇಶದಾಗೆ ನೋಡು, ಕದ್ರೆ ಕೈ ಕಡಿದುಬಿಡ್ತಾರೆ. ಹಂಗಿರ್ಬೇಕು."

ಒನ್‌ವೇಯಲ್ಲಿ ಉಲ್ಟಾ ಬಂದರೆ ಅಲ್ಲಿ ಏನು ಕಡೀತಾರೆ ಅಂತ ಕಾಕಾ ವಿಚಾರಿಸಿಲ್ಲ, ಪುಣ್ಯ.

ಮೊನ್ನೆ ಪೇಪರಿನ ಎರಡನೇ ಪುಟದಲ್ಲಿದ್ದಾಗ ಅವರ ಮೊಬೈಲ್ 'ಟಿಣ್' ಅಂತು. ಚಲನ್ನು. ಹೆಲ್ಮೆಟ್ ಇಲ್ಲದ್ದಕ್ಕೆ ಐನೂರು ರೂಪಾಯಿ. ನಾನು ಅಯ್ಯೋ ಅಂದೆ. ಕಾಕಾ ದೋಸೆಯ ಮೇಲಿನ ಬೆಣ್ಣೆಯನ್ನು ಬೆರಳಲ್ಲಿ ಸವರಿಕೊಂಡು, "ಹನ್ನೊಂದಾತು. ಇರ್ಲಿ ಬಿಡು, ಸೇಲ್ ಬರ್ತೈತೆ" ಅಂದರು.

ದಾವಣಗೆರೆಯವರಿಗೆ ಸೇಲ್ ಬಗ್ಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಇದು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಗಿರಣಿಗಳ ಸೈರನ್ ನಿಂತು ಎಷ್ಟೋ ವರ್ಷವಾಯಿತು, ಬಟ್ಟೆ ಅಂಗಡಿಗಳ ಆಷಾಢದ ಮೈಕು ಮಾತ್ರ ನಿಂತಿಲ್ಲ. ಹೇಳಿದ ರೇಟಿಗೆ ಸೀರೆ ಕೊಂಡವಳನ್ನು ಇಲ್ಲಿ ಅತ್ತೆಮನೆಯವರು ಅನುಮಾನದಿಂದ ನೋಡುತ್ತಾರೆ. ಇಂಥ ಊರಿಗೆ ಸರ್ಕಾರ ಕಾನೂನನ್ನೇ ಸೇಲಿಗಿಟ್ಟರೆ ಜನ ಬಿಟ್ಟಾರೆಯೇ?

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ದೆಹಲಿಯವರು ಮೋಟಾರು ವಾಹನ ಕಾಯ್ದೆಯನ್ನು ಬಿಗಿ ಮಾಡಿ 2019ರ ಸೆಪ್ಟೆಂಬರ್ 1ರಿಂದ ಹೆಲ್ಮೆಟ್ ಇಲ್ಲದ ತಲೆಗೆ ಸಾವಿರ ರೂಪಾಯಿ ಬೆಲೆ ಕಟ್ಟಿದರು. ನಮ್ಮ ರಾಜ್ಯ ಅದೇ ತಿಂಗಳು ಮುಗಿಯುವುದರೊಳಗೆ ಐನೂರಕ್ಕೆ ಇಳಿಸಿತು. ಅದು ಓಪನಿಂಗ್ ಆಫರ್. ಆಮೇಲೆ 2023ರ ಫೆಬ್ರುವರಿಯಲ್ಲಿ ಬಂತು ಅಸಲಿ ಸೇಲ್: ಬಾಕಿ ಇರುವ ಇ-ಚಲನ್ ದಂಡಕ್ಕೆ ಶೇ 50 ರಿಯಾಯಿತಿ. ಕೆಲವೇ ದಿನ, ತ್ವರೆ ಮಾಡಿ. ಜನ ತ್ವರೆ ಮಾಡಿದರು. ಆಮೇಲೂ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ನಡುವೆ ಗಣೇಶ ಚತುರ್ಥಿ ಬೇರೆ, ಮತ್ತೆ ಅರ್ಧ ಬೆಲೆ. ಆ ನವೆಂಬರಿನಲ್ಲಿ ಇನ್ನೊಮ್ಮೆ. ಆಷಾಢವಾದರೂ ವರ್ಷಕ್ಕೆ ಒಂದೇ ಸಲ ಬರುತ್ತದೆ.

ನನ್ನ ಕಥೆ ಕೇಳಿ. ಅದೇ ಆಗಸ್ಟಿನ ಮೊದಲ ವಾರ ನನಗೊಂದು ಚಲನ್ ಬಂದಿತ್ತು. ತಪ್ಪು ನನ್ನದೇ. ಹಾಲಿನ ಪ್ಯಾಕೆಟ್ಟು ತರೋಕೆ ಹೆಲ್ಮೆಟ್ ಯಾಕೆ ಅಂತ ಹೋಗಿದ್ದೆ, ಸರ್ಕಲ್ಲಿನ ಕ್ಯಾಮೆರಾ ನನ್ನ ಬೋಳು ತಲೆಯನ್ನು ಚೆನ್ನಾಗಿಯೇ ಹಿಡಿದಿತ್ತು. ಮದುವೆ ಆಲ್ಬಮ್ಮಿನಲ್ಲೂ ನಾನು ಅಷ್ಟು ಸ್ಪಷ್ಟವಾಗಿಲ್ಲ. ಅಂದು ಸಂಜೆಯೇ ಮೊಬೈಲಿನಲ್ಲಿ ಐನೂರು ರೂಪಾಯಿ ಕಟ್ಟಿ, ರಸೀದಿ ಇಳಿಸಿಕೊಂಡು, ದೊಡ್ಡ ನಾಗರಿಕನ ಹಾಗೆ ಎದೆಯುಬ್ಬಿಸಿ ಕೂತೆ. ಮೂರು ವಾರ ಕಳೆಯುವುದರೊಳಗೆ ಆಫರ್ ಬಂತು. ಕಟ್ಟಿದವರಿಗೆ ಅರ್ಧ ವಾಪಸ್ ಇದೆಯಾ ಅಂತ ನೋಡಿದೆ. ಇರಲಿಲ್ಲ. ಮನೆಯಾಕೆ ಇನ್ನೂರೈವತ್ತರ ಲೆಕ್ಕ ಹಾಕಿ, "ಹೇಳಿದ್ ರೇಟಿಗೆ ಎಣಿಸಿ ಕೊಟ್ಟು ಬರೋ ಗಂಡಸು ಇಡೀ ದಾವಣಗೆರೇಲಿ ನೀವೊಬ್ರೇ ನೋಡ್ರಿ" ಅಂದಳು.

ಕಾಕಾ ಆ ಸಲ ಹತ್ತು ಚಲನ್ನಿನ ಐದು ಸಾವಿರಕ್ಕೆ ಎರಡೂವರೆ ಕಟ್ಟಿ ಬಂದಿದ್ದರು. ಹೋಟೆಲ್ಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಎರಡೂವರೆ ಸಾವ್ರ ಉಳಿಸ್ದೆ ನೋಡಪಾ" ಎಂದು ಚಹಾ ಹೇಳಿದರು. ಲೆಕ್ಕ ಸರಿ ಇದೆ. ನಿಯಮ ಒಂದು ಸಲ ಮುರಿದ ನನಗೆ ನಷ್ಟ ಇನ್ನೂರೈವತ್ತು, ಹತ್ತು ಸಲ ಮುರಿದ ಅವರಿಗೆ ಉಳಿತಾಯ ಎರಡೂವರೆ ಸಾವಿರ. ಇಪ್ಪತ್ತು ಸಲ ಮುರಿದಿದ್ದರೆ ಐದು ಸಾವಿರ ಉಳೀತಿತ್ತಲ್ಲ ಅಂತ ಅವರಿಗೆ ಸಣ್ಣ ಕೊರಗೂ ಇದ್ದಂತಿತ್ತು.

ಇದೇ ಸರ್ಕಾರದ ಇನ್ನೊಂದು ಕಿಟಕಿಗೆ ಹೋಗಿ. ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ತಡ ಮಾಡಿದರೆ ಮೇಲೆ ಬಡ್ಡಿ. ಅಂದರೆ ಮನೆ ಕಟ್ಟಿ ಮರ್ಯಾದೆಯಿಂದ ಬಾಳುವವನು ಬೇಗ ಬಂದರೆ ನೂರಕ್ಕೆ ಐದು ಬಿಡುತ್ತಾರೆ, ಸಿಗ್ನಲ್ ಹಾರಿದವನು ತಡವಾಗಿ ಬಂದರೆ ನೂರಕ್ಕೆ ಐವತ್ತು. ಕರೆಂಟ್ ಬಿಲ್ ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಚಲನ್ ಕಟ್ಟದಿದ್ದರೆ ನಿಮಗಾಗಿ ಕಾಯುತ್ತಾರೆ.

ನನ್ನ ಬೇಡಿಕೆ ಇಷ್ಟೇ. ಸೇಲ್ ಮಾಡುವುದಾದರೆ ನಮ್ಮೂರ ಬಟ್ಟೆ ಅಂಗಡಿಯವರನ್ನು ಕೇಳಿ ನೆಟ್ಟಗೆ ಮಾಡಿ. ತ್ರಿಬಲ್ ರೈಡಿಂಗ್ ದಂಡ ಕಟ್ಟಿದವರಿಗೆ ಹೆಲ್ಮೆಟ್ ದಂಡ ಫ್ರೀ. ಹತ್ತು ಚಲನ್ ಆದವರಿಗೆ ಸ್ಟೀಲ್ ಡಬ್ಬಿ. ಹಳೇ ಗಿರಾಕಿಗಳಿಗೆ ಕಾರ್ಡು, ದೀಪಾವಳಿಗೆ ಲಕ್ಕಿ ಡ್ರಾ, ಬಹುಮಾನವಾಗಿ ಒಂದು ಸ್ಕೂಟರ್, ಹೆಲ್ಮೆಟ್ ಇಲ್ಲದೆ.

ದಂಡ ಬಿಟ್ಟು ಗಡುವಿನ ಕಥೆಗೆ ಬಂದರೆ ಅದೂ ಇದರ ತಮ್ಮನೇ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿ ಅಂದರು. ಕೊನೆಯ ದಿನ 2023ರ ನವೆಂಬರ್ 17. ಅದು ಕೊನೆಯಾಗಲಿಲ್ಲ, 2024ರ ಫೆಬ್ರುವರಿ 17 ಕೊನೆ ಅಂದರು. ಅದೂ ಆಗಲಿಲ್ಲ, ಮೇ 31 ಅಂದರು. ಆಮೇಲಿನದನ್ನು ನಾನು ಎಣಿಸುವುದು ಬಿಟ್ಟೆ. ಮೊದಲ ಗಡುವಿಗೇ ಓಡಿಹೋಗಿ ಹಾಕಿಸಿಕೊಂಡವನು ಯಾರು ಅಂತ ನೀವು ಊಹಿಸಿರುತ್ತೀರಿ. ಕಾಕಾ ನಿಧಾನಕ್ಕೆ ಹಾಕಿಸಿದರು. ಅಲ್ಯೂಮಿನಿಯಂ ತಗಡು, ಮಿರಮಿರ ಮಿನುಗುವ ಹಾಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಬಿಚ್ಚಿದರೆ ಮುರಿದೇ ಹೋಗುವ ಲಾಕು. ಕಳ್ಳರಿಗೆ ತಲೆಕೆಳಗು ನಿಂತರೂ ತಿದ್ದಲಾಗದ ಪ್ಲೇಟು. ಕಾಕಾ ಏನೂ ತಿದ್ದಲಿಲ್ಲ. ಅಮಾವಾಸ್ಯೆಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಸರವನ್ನು ಕೆಎ 17ರ ಮುಂದಿನ ಕೊನೆಯೆರಡು ಅಂಕಿ ಮುಚ್ಚುವ ಹಾಗೆ ಇಳಿಬಿಟ್ಟರು, ಅಷ್ಟೇ. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ನಮ್ಮೂರ ಹೆಸರು ಬಂದಿತ್ತು. ಊರು ಸ್ಮಾರ್ಟ್ ಆಗುವ ಮೊದಲೇ ನಿಂಬೆಹಣ್ಣು ಸ್ಮಾರ್ಟ್ ಆಗಿತ್ತು ಅನ್ನುವುದನ್ನು ಪಟ್ಟಿ ಮಾಡಿದವರು ಗಮನಿಸಿರಲಿಕ್ಕಿಲ್ಲ.

"ಅಲ್ಲ ಕಾಕಾ, ತಲೆ ಒಡೆದ್ರೆ ಆಸ್ಪತ್ರೆಯೋರು ಅರ್ಧ ಬಿಲ್ ಹಾಕ್ತಾರಾ?" ಅಂತ ಕೇಳಿದೆ.

"ಆಯುಷ್ಮಾನ್ ಕಾರ್ಡ್ ಐತಪಾ" ಅಂದರು.

ಇಷ್ಟೊತ್ತು ಸುಮ್ಮನೆ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ ರಿಟೈರ್ಡ್ ಮೇಷ್ಟ್ರು ಆಗ ಬಾಯಿಬಿಟ್ಟರು. ಪಾಪ, ಅವರ ಹತ್ತಿರ ಗಾಡಿಯೇ ಇಲ್ಲ. ಆದರೂ ಅವರಿಗೂ ವಾಟ್ಸ್‌ಆ್ಯಪ್‌ನಲ್ಲಿ ಚಲನ್ ಬಂದಿತ್ತು. ಲಾಂಛನ ಇತ್ತು, ಕೆಳಗೊಂದು ಎಪಿಕೆ ಫೈಲ್, ಅಂದರೆ ಒತ್ತಿದರೆ ಮೊಬೈಲಿನೊಳಗೆ ಆ್ಯಪ್ ಆಗಿ ಕೂರುವ ಫೈಲ್, ಇತ್ತು. ಇಲ್ಲದ ಗಾಡಿ ಎಲ್ಲಿ ತಪ್ಪು ಮಾಡಿದೆಯೋ ನೋಡೋಣ ಅಂತ ಒತ್ತಿದ್ದಾರೆ. ಒಟಿಪಿ ಯಾರೂ ಕೇಳಲಿಲ್ಲ, ಬಂದ ಒಟಿಪಿಯನ್ನು ಆ ಫೈಲೇ ಓದಿಕೊಂಡಿತು. ಪಿಂಚಣಿ ಖಾತೆ ಗುಡಿಸಿ ಸಾರಿಸಿದ ಹಾಗಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದ್ದರೆ ದುಡ್ಡು ದಾಟಿ ಹೋಗುವ ಮೊದಲೇ ತಡೆಯುವ ದಾರಿಯಿತ್ತು. ಮೇಷ್ಟ್ರು ನಾಚಿಕೆಯಾಗಿ ಎರಡು ದಿನ ಯಾರಿಗೂ ಹೇಳಲಿಲ್ಲ.

ನೋಡಿ ಈಗ. ಅಸಲಿ ಚಲನ್ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಕಟ್ಟುವ ಪರಿವಾಹನ್ ತಾಣದ ವಿಳಾಸ ಡಾಟ್ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆ, ಯಾವ ಎಪಿಕೆಯನ್ನೂ ಇಳಿಸಿಕೊಳ್ಳಿ ಅನ್ನುವುದಿಲ್ಲ. ಅದನ್ನು ನಮ್ಮ ಜನ "ಫೇಕ್ ಇರ್ಬೇಕು ಬಿಡು" ಅಂತ ಅಳಿಸುತ್ತಾರೆ. ಕಳ್ಳ ಕಳಿಸಿದ್ದನ್ನು ಭಯಭಕ್ತಿಯಿಂದ ಒತ್ತುತ್ತಾರೆ. ಅವರನ್ನೂ ಅನ್ನುವಂತಿಲ್ಲ. ಸರ್ಕಾರಿ ದಂಡಕ್ಕೆ ಸೇಲ್ ಇದೆ, ಗಡುವಿನ ಮೇಲೆ ಗಡುವು ಇದೆ. ಕಳ್ಳ ರಿಯಾಯಿತಿ ಕೊಡುವುದಿಲ್ಲ, ಭಾನುವಾರ ರಜೆ ಹಾಕುವುದಿಲ್ಲ, ಒಂದೇ ಸಲಕ್ಕೆ ಪೂರ್ತಿ ವಸೂಲಿ. ಹಾಗಾದರೆ ಇಬ್ಬರಲ್ಲಿ ಸರ್ಕಾರದ ಹಾಗೆ ಕಾಣುವವರು ಯಾರು?

ಕಾಕಾ ಕೆರಳಿದರು. "ಫೋರ್‌ಟ್ವೆಂಟಿ ನನ್ ಮಕ್ಳು! ಕೈ ಕಡೀಬೇಕು!"

ಮೇಷ್ಟ್ರು ವ್ಯಾಕರಣ ತಿದ್ದುವ ದನಿಯಲ್ಲಿ, "ಫೋರ್‌ಟ್ವೆಂಟಿ ಈಗ ಇಲ್ಲ" ಅಂದರು. 1860ರ ದಂಡ ಸಂಹಿತೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯ 420 ಈಗ 318ರ ಉಪವಿಭಾಗ 4. ತಾತ ಮುತ್ತಾತರ ಕಾಲದಿಂದ ಬಾಯಿಗೆ ಹೊಂದಿದ್ದ ಒಂದು ಬೈಗುಳವನ್ನೂ ಈ ಜನ ಉಳಿಸಲಿಲ್ಲವಲ್ಲ ಎಂದು ಕಾಕಾ ಪೆಚ್ಚಾದರು. "ತ್ರೀ ಏಯ್ಟೀನ್ ಬ್ರಾಕೆಟ್ ಫೋರ್ ನನ್ ಮಕ್ಳು" ಅಂತ ಒಮ್ಮೆ ಅಂದು ನೋಡಿದರು. ಸಿಟ್ಟು ಬ್ರಾಕೆಟ್ಟಿನೊಳಗೇ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಹೊರಗೆ ಸೀಟಿ. ಕಂಬದ ಹತ್ತಿರ ಟ್ರಾಫಿಕ್ ಪೊಲೀಸರು ನಿಂತು ಸ್ಕೂಟರಿನ ನಿಂಬೆಹಣ್ಣನ್ನು ಎತ್ತಿ ನೋಡುತ್ತಿದ್ದರು. ಕಾಕಾ ಮೇಜಿನ ಕೆಳಗಿಂದ ಹೆಲ್ಮೆಟ್ ಎಳೆದರು. ಅದರ ತುಂಬ ಸಂಜೆಯ ಮಿರ್ಚಿಗೆಂದು ಸಂತೆಯಿಂದ ತಂದ ಹಸಿಮೆಣಸಿನಕಾಯಿ.

"ಇದನ್ನಷ್ಟು ಹಿಡ್ಕೊಳಪಾ" ಅಂತ ಅಷ್ಟನ್ನೂ ನನ್ನ ಮಡಿಲಿಗೆ ಸುರಿದು, ಹೆಲ್ಮೆಟ್ ತಲೆಗೇರಿಸಿ, ಗದ್ದದ ಪಟ್ಟಿಯನ್ನು ಟಕ್ ಅಂತ ಹಾಕಿಕೊಂಡು, ಗಾಜನ್ನು ಅರ್ಧ ಎತ್ತಿ, ಉಳಿದ ದೋಸೆ ತಿನ್ನತೊಡಗಿದರು. ಪೊಲೀಸರು ಒಳಗೆ ಇಣುಕಿ, ಇಡೀ ಹೋಟೆಲ್ಲಿನಲ್ಲಿ ಹೆಲ್ಮೆಟ್ ಹಾಕಿದ್ದ ಒಬ್ಬರೇ ಒಬ್ಬರನ್ನು ನೋಡಿ, ಆಮೇಲೆ ಮಡಿಲ ತುಂಬ ಮೆಣಸಿನಕಾಯಿ ಇಟ್ಟುಕೊಂಡು ಬೋಳು ತಲೆಯಲ್ಲಿ ಕೂತಿದ್ದ ನನ್ನನ್ನು ನೋಡಿ, "ಸ್ಕೂಟರ್ ನಿಮ್ದೇನ್ರೀ?" ಅಂದರು.